ಕಾರ್ಣಿಕ ಕೇಳಿ ಊರಿಗೆ ಮರಳುವವರಿಗೆ

ದೇವರಗುಡ್ಡದ ಮಾಲತೇಶನ ಸನ್ನಿಧಿಗೆ ವರ್ಷವರ್ಷವೂ ಬರುವ ಅಣ್ಣಂದಿರೇ, ಅಕ್ಕಂದಿರೇ, ಹಿರಿಯರೇ,

ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿದ ಮೇಲೆ, ಗುಡ್ಡ ಇಳಿಯುತ್ತ ನೀವು ಆಡುವ ಮಾತುಗಳ ಬಗ್ಗೆ ಈ ಪತ್ರ. ನುಡಿದವರ ಬಗ್ಗೆ ನನ್ನ ತಕರಾರಿಲ್ಲ. ವ್ರತ ಹಿಡಿದು, ಉಪವಾಸವಿದ್ದು, ಕರಿ ಕಂಬಳಿಯ ಗೊರವಯ್ಯ ಬಿಲ್ಲಿನ ತುದಿಗೆ ಹೋಗಿ ‘ಸದ್ದಲೇ’ ಎಂದು ಕೂಗಿದಾಗ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರಲ್ಲ, ಅದಕ್ಕೆ ನಾನೂ ತಲೆಬಾಗುವವನೇ. ಬರುವುದು ಒಂದೇ ಸಾಲು. ಅದು ಮುಗಿಯುತ್ತಲೇ ಭಂಡಾರ ಹಾರುತ್ತದೆ, ಡಮರುಗದ ಸದ್ದು ಏಳುತ್ತದೆ. ಅಲ್ಲಿಂದಾಚೆಯದು ಗೊರವಯ್ಯನ ಕೆಲಸವಲ್ಲ, ನಿಮ್ಮದು.

ಆ ಒಂದು ಸಾಲಿಗೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂತವರೆಲ್ಲ ಅರ್ಥ ಹಚ್ಚುತ್ತಾರೆ. ‘ಈ ಸಲ ಹಿಂಗಾರಿ ಮಳಿ ಚಲೋ ಆಕ್ಕತಿ’ ಎನ್ನುತ್ತಾರೆ ಒಬ್ಬರು. ‘ಅದು ಮಳಿ ಮಾತಲ್ಲೋ, ರಾಜಕೀಯದ್ದು’ ಎನ್ನುತ್ತಾರೆ ಇನ್ನೊಬ್ಬರು. ಸಂಜೆ ಟಿ.ವಿ.ಯವರು ತಮ್ಮ ಅರ್ಥ ತರುತ್ತಾರೆ. ಇಷ್ಟರ ಮಟ್ಟಿಗೆ ಎಲ್ಲ ಚೆಂದವೇ. ನನ್ನ ಮನಸ್ಸಿಗೆ ಕಷ್ಟವಾಗುವುದು ನಾಲ್ಕೈದು ತಿಂಗಳು ಕಳೆದ ಮೇಲೆ ಕೇಳಿಬರುವ ಮಾತಿನಿಂದ. ಬೆಳೆ ಕೈಕೊಟ್ಟಾಗ, ದರ ಬಿದ್ದಾಗ, ಮಗಳ ಓದು ಅರ್ಧಕ್ಕೆ ನಿಂತಾಗ, ‘ಕಾರ್ಣಿಕದಾಗ ಬಂದಿತ್ತು, ಹಂಗ ಆತು. ನಮ್ಮ ಕೈಯಾಗ ಏನೈತಿ?’ ಎನ್ನುತ್ತೀರಿ. ಈ ಕೊನೆಯ ಪ್ರಶ್ನೆಯನ್ನು ಪ್ರಶ್ನೆಯೆಂದೇ ತೆಗೆದುಕೊಂಡು ಉತ್ತರ ಹುಡುಕಬೇಕೆಂದು ನನ್ನ ಆಸೆ.

ಇದನ್ನು ಈಗಲೇ ಬರೆಯಲು ಒಂದು ಕಾರಣವಿದೆ. ಹಣೆಬರಹ ಎಂಬ ಅಜ್ಜನ ಮಾತಿಗೆ ಮನೆಯಲ್ಲಿ ಹೊಸ ಜೊತೆಗಾರ ಸಿಕ್ಕಿದ್ದಾನೆ. ರಾಣೆಬೆನ್ನೂರಿನ ಕಾಲೇಜಿಗೆ ಹೋಗುವ ಮೊಮ್ಮಗ ಮೊಬೈಲಿನಲ್ಲಿ ವಿಡಿಯೊ ನೋಡಿ, ‘ನಾವು ನಿರ್ಧಾರ ಮಾಡೂಕಿಂತ ಮೊದಲ ಮೆದುಳು ಮಾಡಿರತೈತಿ, ವಿಜ್ಞಾನದಾಗ ಸಿದ್ಧ ಆಗೇತಿ’ ಎಂದು ಹೇಳತೊಡಗಿದ್ದಾನೆ. ಅಜ್ಜ ವಿಧಿ ಎಂದ, ಮೊಮ್ಮಗ ನರಕೋಶ ಎಂದ. ಇಬ್ಬರೂ ಬಂದು ನಿಂತದ್ದು ಒಂದೇ ಕಡೆ: ನಮ್ಮ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಮೊದಲು ಮೊಮ್ಮಗನ ಮಾತನ್ನೇ ನೋಡೋಣ.

1965ರಲ್ಲಿ ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕೆ ಎಂಬಿಬ್ಬರು ತಲೆಯ ಮೇಲೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ತನ್ನು ಅಳೆಯುತ್ತಿದ್ದರು. ಮನುಷ್ಯ ತಾನಾಗಿ ಬೆರಳು ಅಲ್ಲಾಡಿಸುವ ಮುನ್ನವೇ ಒಂದು ಅಲೆ ನಿಧಾನಕ್ಕೆ ಏರುತ್ತ ಬರುವುದು ಅವರ ಕಣ್ಣಿಗೆ ಬಿತ್ತು. 1983ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೆಂಜಮಿನ್ ಲಿಬೆಟ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಡಿಯಾರದಂಥ ಒಂದು ಮುಖ, ಅದರ ಸುತ್ತ 2.56 ಸೆಕೆಂಡಿಗೊಮ್ಮೆ ಸುತ್ತುವ ಬೆಳಕಿನ ಚುಕ್ಕೆ. ಎದುರು ಕೂತವನಿಗೆ ಹೇಳಿದ್ದು ಇಷ್ಟೇ: ನಿನಗೆ ಮನಸ್ಸಾದಾಗ ಕೈ ಅಲ್ಲಾಡಿಸು, ಆ ಮನಸ್ಸು ಹುಟ್ಟಿದ ಕ್ಷಣ ಚುಕ್ಕೆ ಎಲ್ಲಿತ್ತು ಎಂದು ಆಮೇಲೆ ಹೇಳು. ಮನಸ್ಸಾಯಿತು ಎಂದು ಜನ ಹೇಳಿದ್ದು ಕೈ ಅಲ್ಲಾಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು. ಮೆದುಳಿನ ಅಲೆ ಎದ್ದದ್ದು ಸುಮಾರು 550 ಮಿಲಿಸೆಕೆಂಡ್ ಮೊದಲು. ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಮುಂಚಿತವಾಗಿ ಮೆದುಳು ಹೊರಟುಬಿಟ್ಟಿತ್ತು. 2008ರಲ್ಲಿ ಜರ್ಮನಿಯಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ಎಡಗುಂಡಿ ಒತ್ತುತ್ತಾನೋ ಬಲಗುಂಡಿಯೋ ಎಂಬುದರ ಸುಳಿವು ಏಳೆಂಟು ಸೆಕೆಂಡು ಮೊದಲೇ ಸಿಕ್ಕಿತು. ಆದರೆ ಆ ಊಹೆ ಸರಿಯಾದದ್ದು ನೂರಕ್ಕೆ ಅರವತ್ತರ ಆಸುಪಾಸು. ನಾಣ್ಯ ಚಿಮ್ಮಿದರೂ ಐವತ್ತು ಸರಿಯಾಗುತ್ತದೆ.

ಮೊಮ್ಮಗ ನೋಡಿದ ವಿಡಿಯೊ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಕತೆ ಮುಂದೆ ಇದೆ. 2012ರಲ್ಲಿ ಏರನ್ ಶುರ್ಗರ್ ಮತ್ತು ಸಂಗಡಿಗರು ಆ ಅಲೆಯನ್ನು ಬೇರೆ ಬಗೆಯಲ್ಲಿ ಓದಿದರು. ಮೆದುಳಿನಲ್ಲಿ ಸದಾ ಸಣ್ಣ ಏರಿಳಿತ ನಡೆದೇ ಇರುತ್ತದೆ. ಯಾವ ಕಾರಣವೂ ಇಲ್ಲದೆ ಕೈ ಅಲ್ಲಾಡಿಸು ಎಂದಾಗ, ಆ ಏರಿಳಿತ ತಾನಾಗಿ ಮೇಲೆ ಬಂದ ಹೊತ್ತಿನಲ್ಲಿ ಕೈ ಅಲ್ಲಾಡುತ್ತದೆ. ಅಂಥ ಹೊತ್ತುಗಳನ್ನೇ ಆರಿಸಿ ಸರಾಸರಿ ತೆಗೆದರೆ ಅಲೆ ಏರುತ್ತ ಬಂದಂತೆ ಕಾಣುತ್ತದೆ. ಅಲ್ಲಿ ಮೊದಲೇ ಆದ ನಿರ್ಧಾರ ಇರಲೇಬೇಕೆಂದಿಲ್ಲ. 2019ರಲ್ಲಿ ಉರಿ ಮಾವೋಜ್ ಮತ್ತು ಜೊತೆಯವರು ಇನ್ನೂ ಒಳ್ಳೆಯ ಪ್ರಶ್ನೆ ಕೇಳಿದರು. ಏನೂ ಪಣಕ್ಕಿಡದೆ ಬೆರಳು ಅಲ್ಲಾಡಿಸುವುದು ಒಂದು, ನಿಜವಾಗಿ ಯೋಚಿಸಿ ಆರಿಸುವುದು ಇನ್ನೊಂದು. ಎರಡು ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ ಸಾವಿರ ಡಾಲರ್ ಹೋಗಬೇಕು ಎಂದು ನಿರ್ಧರಿಸಲು ಜನರಿಗೆ ಹೇಳಿದರು. ಯಾವುದನ್ನು ಒತ್ತಿದರೂ ಎರಡಕ್ಕೂ ಸಮ ಹಣ ಎಂದಾಗ ಆ ಹೆಸರಾಂತ ಅಲೆ ಕಾಣಿಸಿತು. ನಿಮ್ಮ ಆಯ್ಕೆಯಿಂದಲೇ ಹಣ ಹೋಗುತ್ತದೆ ಎಂದಾಗ ಅದು ಹೆಚ್ಚುಕಡಿಮೆ ಕಾಣಿಸಲೇ ಇಲ್ಲ.

ನನಗೆ ಇದು ದೊಡ್ಡ ಮಾತು. ಮನುಷ್ಯನ ಇಚ್ಛೆ ಒಂದು ಕ್ಷಣದ ಕಿಡಿ, ಅದನ್ನು ಗಡಿಯಾರದಲ್ಲಿ ಹಿಡಿಯಬಹುದು ಎಂದುಕೊಂಡು ನಲವತ್ತು ವರ್ಷ ಜಗಳ ನಡೆದಿದೆ. ನೀವು ಬಿತ್ತನೆಯ ನಿರ್ಧಾರ ಮಾಡುವುದನ್ನು ಯಾರಾದರೂ ಕೂತು ನೋಡಿದ್ದರೆ ಆ ಜಗಳ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ. ಎರಡೂವರೆ ಎಕರೆ ಇದೆ, ಗೋವಿನಜೋಳ ಹಾಕುವುದೋ, ಹತ್ತಿಯೋ, ಕಂಪನಿಯವರು ಹೇಳಿದ ಬೀಜೋತ್ಪಾದನೆಯ ಸೀಡ್ಸ್ ಪ್ಲಾಟ್ ಒಪ್ಪಿಕೊಳ್ಳುವುದೋ? ಬೋರಿನಲ್ಲಿ ನೀರು ಎಷ್ಟು ದಿನ ಬರುತ್ತದೆ? ಹೋದ ವರ್ಷ ಪಕ್ಕದ ಹೊಲದವನಿಗೆ ಬೀಜದ ಹಣ ಯಾವಾಗ ಬಂತು? ಕಟ್ಟೆಯ ಮೇಲೆ ಒಂದು ದಿನ ಈ ಮಾತು, ಗೊಬ್ಬರದಂಗಡಿಯಲ್ಲಿ ಇನ್ನೊಂದು ದಿನ. ಕೊನೆಗೆ ಮನೆಯಾಕೆ ಒಂದು ಮಾತು ಹೇಳುತ್ತಾಳೆ: ‘ಕ್ರಾಸ್ ಮಾಡಾಕ ಆಳು ಯಾರು ಬರ್ತಾರ? ನಾ ಒಬ್ಬಾಕಿ ಎಷ್ಟು ಮಾಡ್ಲಿ?’ ಹತ್ತಿಯ ಬೀಜೋತ್ಪಾದನೆ ಗೊತ್ತಿದ್ದವರಿಗೆ ಆ ಮಾತಿನ ತೂಕ ಗೊತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಳೆ ಅರಳುವ ಒಂದೊಂದು ಮೊಗ್ಗನ್ನೂ ಹುಡುಕಿ, ಉಗುರಿನಿಂದ ಸುಲಿದು, ಗಂಡು ಭಾಗ ತೆಗೆದು, ಗುರುತು ಮಾಡಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವು ತಂದು ಒಂದೊಂದಕ್ಕೂ ಮುಟ್ಟಿಸಬೇಕು. ವಾರಗಟ್ಟಲೆ, ಬಗ್ಗಿದ ಬೆನ್ನು ಎತ್ತದೆ. ಅವಳ ಆ ಒಂದು ಮಾತಿಗೆ ಪ್ಲಾಟಿನ ವಿಚಾರ ಬಿದ್ದುಹೋಗುತ್ತದೆ, ಇಲ್ಲವೆ ಒಂದೇ ಎಕರೆಗೆ ಇಳಿಯುತ್ತದೆ. ಈ ನಿರ್ಧಾರ ಯಾವ ಮಿಲಿಸೆಕೆಂಡಿನಲ್ಲಿ ಆಯಿತು? ಅದು ಆದದ್ದು ಹದಿನೈದು ದಿನದಲ್ಲಿ, ಇಬ್ಬರು ಮೂವರ ತಲೆಯಲ್ಲಿ, ಹಿಂದಿನ ವರ್ಷದ ಸೋಲನ್ನು ನೆನೆಸಿಕೊಂಡು. ಅದರ ಪ್ರತಿ ಹಂತದಲ್ಲೂ ನರಕೋಶಗಳು ಕೆಲಸ ಮಾಡಿವೆ, ಸಂಶಯವಿಲ್ಲ. ಹಾಗೆಂದು ನೀವು ಅಲ್ಲಿ ಇರಲಿಲ್ಲ ಎಂದಾಗುವುದಿಲ್ಲ. ಕಾರಣಗಳನ್ನು ತೂಗಿ ನೋಡಿ, ಬೇಕಾದರೆ ಮನಸ್ಸು ಬದಲಿಸುವ ಈ ಶಕ್ತಿಯನ್ನೇ ನಾನು ನಿಮ್ಮ ಕೈಯಲ್ಲಿರುವುದು ಎನ್ನುತ್ತೇನೆ.

ಇನ್ನು ಅಜ್ಜನ ಮಾತು. ವಿಧಿವಾದ ನಮ್ಮ ನೆಲದಲ್ಲಿ ಹಳೆಯದು, ಅದಕ್ಕೆ ಕೊಟ್ಟ ಉತ್ತರವೂ ಅಷ್ಟೇ ಹಳೆಯದು. ಬುದ್ಧ, ಮಹಾವೀರರ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬ ಗುರು ಇದ್ದ. ಆಗುವುದೆಲ್ಲ ನಿಯತಿ, ಪ್ರಯತ್ನವೆಂಬುದೇ ಇಲ್ಲ ಎನ್ನುವುದು ಅವನ ಬೋಧನೆ. ಅವನ ಶಿಷ್ಯನೊಬ್ಬ ಸದ್ದಾಲಪುತ್ತ, ಕಸುಬಿನಲ್ಲಿ ಕುಂಬಾರ, ಶ್ರೀಮಂತ. ಜೈನರ ಉಪಾಸಕದಶಾ ಎಂಬ ಆಗಮದಲ್ಲಿ ಅವನ ಕತೆ ಇದೆ. ಮಡಕೆಗಳನ್ನು ಬಿಸಿಲಿಗೆ ಇಡುತ್ತಿದ್ದ ಅವನನ್ನು ಮಹಾವೀರ ಕೇಳುತ್ತಾನೆ, ಈ ಮಡಕೆ ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ ಎಂದು. ಕುಂಬಾರ ತನ್ನ ಗುರುವಿಗೆ ನಿಷ್ಠನಾಗಿ ಉತ್ತರಿಸುತ್ತಾನೆ: ಪ್ರಯತ್ನವಿಲ್ಲದೆ, ಎಲ್ಲ ನಿಯತಿ. ಸರಿ, ಯಾರಾದರೂ ಬಂದು ಈ ಮಡಕೆ ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈ ಹಾಕಿದರೆ ಏನು ಮಾಡುವೆ? ಹಿಡಿದು ಬಡಿಯುತ್ತೇನೆ ಎನ್ನುತ್ತಾನೆ. ಎಲ್ಲ ನಿಯತಿಯೇ ಆದರೆ ಅವನನ್ನೇಕೆ ಬಡಿಯುವೆ ಎಂಬ ಪ್ರಶ್ನೆಗೆ ಕುಂಬಾರನ ಬಳಿ ಉತ್ತರವಿಲ್ಲ. 1962ರಲ್ಲಿ ಪೀಟರ್ ಸ್ಟ್ರಾಸನ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ ಇದೇ ಜಾಡಿನಲ್ಲಿ ಒಂದು ಪ್ರಸಿದ್ಧ ಪ್ರಬಂಧ ಓದಿದ. ನಮ್ಮ ಸಿಟ್ಟು, ಕೃತಜ್ಞತೆ, ಕ್ಷಮೆ ಎಲ್ಲವೂ ಎದುರಿನವನು ಮಾಡುವವನು ಎಂಬ ನಂಬಿಕೆಯ ಮೇಲೆ ನಿಂತಿವೆ, ಅದನ್ನು ಕಿತ್ತು ಮನುಷ್ಯರ ಹಾಗೆ ಬದುಕಲು ಆಗುವುದಿಲ್ಲ ಎನ್ನುವುದು ಅದರ ತಿರುಳು.

ದೇವರನ್ನು ಬಲವಾಗಿ ನಂಬಿದವರೂ ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನಲಿಲ್ಲ. ನಮ್ಮ ಜಿಲ್ಲೆಯ ಬಾಡದಲ್ಲಿ ಹುಟ್ಟಿ, ಕಾಗಿನೆಲೆಯ ಆದಿಕೇಶವನನ್ನು ಅಂಕಿತ ಮಾಡಿಕೊಂಡ ಕನಕದಾಸರು ವ್ಯಾಸರಾಯರ ಶಿಷ್ಯರು, ಅಂದರೆ ಮಧ್ವರ ಪರಂಪರೆಯವರು. ಆ ಮತದಲ್ಲಿ ಸ್ವತಂತ್ರ ಹರಿಯೊಬ್ಬನೇ, ಜೀವ ಪರಾಧೀನ. ಇಷ್ಟು ಕೇಳಿದವರು ಅಲ್ಲಿ ಜೀವನಿಗೆ ಕೆಲಸವೇ ಇಲ್ಲ ಎಂದು ತಿಳಿಯುತ್ತಾರೆ. ಮಧ್ವರು ಹಾಗೆ ಬಿಡಲಿಲ್ಲ. ಜೀವ ನಿಜವಾಗಿ ಕರ್ತೃ ಅಲ್ಲದಿದ್ದರೆ, ‘ಇದನ್ನು ಮಾಡು, ಅದನ್ನು ಬಿಡು’ ಎನ್ನುವ ಶಾಸ್ತ್ರಕ್ಕೆ ಅರ್ಥವೇ ಇರುವುದಿಲ್ಲ ಎಂಬ ಬ್ರಹ್ಮಸೂತ್ರದ ವಾದವನ್ನು ಅವರೂ ಹಿಡಿದರು. ಅದಕ್ಕೆ ಬಡಿಗನ ಉದಾಹರಣೆ ಕೊಟ್ಟರು. ಬಡಿಗ ಮಾಡಿಸುವವನ ಅಧೀನ, ಆದರೂ ಉಳಿ ಹಿಡಿದು ಮಾಡುವವನು ಬಡಿಗನೇ. ರಾಣೆಬೆನ್ನೂರಿನಲ್ಲಿ ಬಾಗಿಲು ಮಾಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾಲತೇಶನೇ ಮಾಡಿಸುತ್ತಾನೆ ಎಂದು ನೀವು ನಂಬಿದರೂ ಮಾಡುವವರ ಪಟ್ಟಿಯಿಂದ ನಿಮ್ಮ ಹೆಸರು ಹೋಗುವುದಿಲ್ಲ.

ಈಗ ಕಾರ್ಣಿಕದ ಅರ್ಥಕ್ಕೆ ಬರುತ್ತೇನೆ, ಒಂದು ಹಳೆಯ ಪ್ರಯೋಗದ ಮೂಲಕ. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ಐದಾರು ಜನ ಮೇಜಿನ ಮೇಲೆ ಕೈ ಇಟ್ಟು ಕೂತರೆ ಅದು ತಾನಾಗಿ ತಿರುಗುತ್ತದೆ, ಆತ್ಮಗಳು ತಿರುಗಿಸುತ್ತವೆ ಎಂದು ಜನ ನಂಬಿದ್ದರು. ಕೂತವರು ಸುಳ್ಳು ಹೇಳುತ್ತಿರಲಿಲ್ಲ. ತಾವು ತಳ್ಳುತ್ತಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ವಿದ್ಯುತ್ತಿನ ಮಹಾ ವಿಜ್ಞಾನಿ ಮೈಕೆಲ್ ಫ್ಯಾರಡೆ, ಮೆತ್ತನೆಯ ಅಂಟು ಹಚ್ಚಿ ಒಂದರ ಮೇಲೊಂದು ರಟ್ಟು ಜೋಡಿಸಿ ಅವರ ಕೈಗಳ ಕೆಳಗೆ ಇಟ್ಟ. ಮೇಜು ಕೈಯನ್ನು ಎಳೆದಿದ್ದರೆ ಕೆಳಗಿನ ರಟ್ಟು ಮೊದಲು ಸರಿಯಬೇಕಿತ್ತು. ಸರಿದದ್ದು ಮೇಲಿನದು. ಕೈಗಳೇ ಮೇಜನ್ನು ತಳ್ಳಿದ್ದವು. ಆಮೇಲೆ ಕೈ ಒತ್ತುವುದನ್ನು ತೋರಿಸುವ ಒಂದು ಕಡ್ಡಿಯನ್ನು ಎಲ್ಲರ ಕಣ್ಣಿಗೆ ಕಾಣುವಂತೆ ನಿಲ್ಲಿಸಿದಾಗ ಮೇಜು ತಿರುಗುವುದೇ ನಿಂತಿತು. ನಾವೇ ಮಾಡಿದ್ದು ನಮಗೇ ಗೊತ್ತಾಗದೆ ಹೊರಗಿನಿಂದ ಬಂದಂತೆ ಅನಿಸಬಹುದು ಎಂಬುದನ್ನು ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿ 2002ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದರು. ಇಚ್ಛೆಯೇ ಭ್ರಮೆ ಎಂಬ ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಮಾಡಿದ್ದು ಯಾರು ಎಂಬ ನಮ್ಮ ಅನಿಸಿಕೆ ತಪ್ಪಬಹುದು ಎಂಬಷ್ಟನ್ನು ಒಪ್ಪುತ್ತೇನೆ.

ಗೊರವಯ್ಯನ ಬಾಯಿಂದ ಬಂದ ನುಡಿ ಯಾರದು ಎಂಬ ಚರ್ಚೆ ನನಗೆ ಬೇಡ, ಅದು ನಿಮ್ಮ ಭಕ್ತಿಗೆ ಸೇರಿದ್ದು. ಆದರೆ ಆ ನುಡಿಗೆ ಅರ್ಥ ಹಚ್ಚುವಾಗ ಮೇಜಿನ ಮೇಲಿರುವ ಕೈಗಳು ನಮ್ಮವು. ಮೊದಲೇ ಸೀಡ್ಸ್ ಪ್ಲಾಟ್ ಹಾಕಬೇಕೆಂದಿದ್ದವನಿಗೆ ಅದರಲ್ಲಿ ಸೀಡ್ಸ್ ಕಾಣುತ್ತದೆ, ಸರ್ಕಾರ ಬೀಳಬೇಕೆಂದಿದ್ದವನಿಗೆ ಸರ್ಕಾರ ಬೀಳುವುದು ಕಾಣುತ್ತದೆ. ಕಾಣಲಿ. ಈ ಅರ್ಥ ನನ್ನದು ಎಂದು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡರೆ ಸಾಕು. ಹಾಗೆ ಹೇಳಿಕೊಂಡವನು ನಾಲ್ಕು ತಿಂಗಳ ಮೇಲೆ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ನೋಡಬಲ್ಲ. ದೇವರ ಮೇಲೆ ಹಾಕಿದವನಿಗೆ ನೋಡಲು ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಹೇಳಿ, ನಿಮ್ಮ ಕಷ್ಟಕ್ಕೆಲ್ಲ ನೀವೇ ಹೊಣೆ ಎಂದು ನಾನು ಹೇಳುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಆ ಮಾತು ಹಣೆಬರಹದ ಮಾತಿಗಿಂತ ಕ್ರೂರ. ನಮ್ಮ ಕೈಯಲ್ಲಿರುವುದು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೆಂಥಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮುಂತಾದವರು ತಮಿಳುನಾಡಿನ 464 ಕಬ್ಬಿನ ರೈತರನ್ನು ಕಟಾವಿಗೆ ಮೊದಲು ಒಮ್ಮೆ, ಕಟಾವಾದ ಮೇಲೆ ಒಮ್ಮೆ ಪರೀಕ್ಷಿಸಿದರು. ಅದೇ ಮನುಷ್ಯ, ಅದೇ ತಲೆ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಯೋಚನೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಹಣ ಬಂದ ಮೇಲೆ ಮುಂದೆ ಬಂದರು. ಲೆಕ್ಕಾಚಾರದ ಬಗ್ಗೆ ಬೇರೆ ಸಂಶೋಧಕರು ತಕರಾರು ಎತ್ತಿದ್ದಾರೆ, ಅದನ್ನು ಮುಚ್ಚಿಡಬಾರದು. ಆದರೆ ಸಾಲ ಕೊಟ್ಟವನು ಬಾಗಿಲಿಗೆ ಬಂದುಹೋದ ರಾತ್ರಿ ತಲೆ ಹೇಗೆ ಓಡುತ್ತದೆ ಎಂದು ನಿಮಗೆ ಗೊತ್ತು. ಎರಡೇ ದಾರಿ ಕಾಣುತ್ತವೆ, ಕೆಲವೊಮ್ಮೆ ಒಂದೂ ಇಲ್ಲ. ಅಂಥ ರಾತ್ರಿ ಯಾವ ನಿರ್ಧಾರವನ್ನೂ ಮಾಡಬೇಡಿ. ಕೈಗಡದ ಕಾಗದಕ್ಕೆ ಸಹಿ ಬೇಡ, ಹೊಲ ಬರೆದುಕೊಡುವುದು ಬೇಡ, ಮಗಳ ಲಗ್ನದ ಮಾತು ಬೇಡ. ಜೀವವೇ ಬೇಡವೆನಿಸಿದರೆ ಪಕ್ಕದವರನ್ನು ಎಬ್ಬಿಸಿ, ಅಥವಾ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡು ಹತ್ತುವುದಿಲ್ಲ.

ಕಷ್ಟದ ಹೊತ್ತಿನ ಮಾತು ಬಂದಾಗ ಬ್ಯಾಡಗಿಯ ಮಾತನ್ನೂ ಆಡಲೇಬೇಕು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಅಲ್ಲಿನ ಎಪಿಎಂಸಿಯಲ್ಲಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವನಿಗೆ ಆ ದರ ಕೇಳಿ ಹೊಟ್ಟೆ ಉರಿದದ್ದು ನನಗೆ ಅರ್ಥವಾಗುತ್ತದೆ. ‘ಸಿಟ್ಟು ಮಾಡಿಸ್ತು’ ಎಂದು ಹಲವರು ಅಂದರು. ಸಿಟ್ಟಿಗೆ ಕಾರಣವಿತ್ತು, ದೊಡ್ಡ ಕಾರಣವೇ ಇತ್ತು. ಆದರೆ ಅದೇ ದರ ಕೇಳಿದ, ಅದೇ ನಷ್ಟ ಉಂಡ ಎಷ್ಟೋ ಜನ ಅಂದು ಬೆಂಕಿ ಇಡಲಿಲ್ಲ. ಕೃತ್ಯಕ್ಕೆ ಕಾರಣವಿದ್ದ ಮಾತ್ರಕ್ಕೆ ಮಾಡಿದವರಿಲ್ಲ ಎಂದಾಗದು. ಇದೇ ಮಾತು ಇನ್ನೊಂದು ಕಡೆಗೂ ಅನ್ವಯಿಸುತ್ತದೆ: ದರವೂ ಆಕಾಶದಿಂದ ಬೀಳುವುದಿಲ್ಲ. ಅದನ್ನು ಬರೆಯುವವರಿದ್ದಾರೆ, ಹರಾಜು ನಡೆಸುವವರಿದ್ದಾರೆ, ಆಮದು ರಫ್ತಿನ ನೀತಿ ಮಾಡುವವರಿದ್ದಾರೆ. ಅವರನ್ನೂ ‘ಮಾಡುವವರು’ ಎಂದೇ ಕರೆದು ಲೆಕ್ಕ ಕೇಳಬೇಕು. ನಿಮ್ಮ ಹೊಣೆಯನ್ನು ನೀವು ಒಪ್ಪಿಕೊಂಡಾಗ ಅವರ ಹೊಣೆ ಕೇಳುವ ದನಿ ಗಟ್ಟಿಯಾಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೀಜದ ವಿಷಯ. ನಮ್ಮ ರಾಣೆಬೆನ್ನೂರು ದೇಶಕ್ಕೆ ಬೀಜ ಕೊಡುವ ಊರು. ಅದೇ ಊರಿನ ಸುತ್ತಲ ಹಳ್ಳಿಯಲ್ಲಿ ಬಿತ್ತಿದ ಬೀಜ ಮೊಳೆಯದಿದ್ದರೆ, ಗಿಡ ಬಂದು ಕಾಯಿ ಕಟ್ಟದಿದ್ದರೆ ನಾವು ಮೊದಲು ಹೇಳುವುದು ‘ನಮ್ಮ ಹಣೇಬಾರ’. ಮಳೆ ಬಾರದಿದ್ದರೆ ಹಾಗೆನ್ನಿ, ನಾನು ತಡೆಯುವುದಿಲ್ಲ. ಕಳಪೆ ಬೀಜಕ್ಕೆ ಹಾಗೆನ್ನಬೇಡಿ. ಅದನ್ನು ಬೆಳೆದವರು, ತುಂಬಿದವರು, ಮೊಳಕೆ ಪ್ರಮಾಣ ಮುದ್ರಿಸಿದವರು, ಮಾರಿದವರು ಇದ್ದಾರೆ. 2012ರ ಜನವರಿಯಲ್ಲಿ ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ರೈತರು ಗ್ರಾಹಕರೇ ಅಲ್ಲ, 1966ರ ಬೀಜ ಕಾಯ್ದೆ ಇರುವಾಗ ಗ್ರಾಹಕರ ವೇದಿಕೆಗೆ ಬರುವಂತಿಲ್ಲ ಎಂಬ ವಾದವನ್ನು ಅದು ತಳ್ಳಿಹಾಕಿತು. ಪರೀಕ್ಷೆಗೆ ಬೀಜದ ಮಾದರಿ ತಂದಿಲ್ಲವಲ್ಲ ಎಂದೂ ಎದುರು ಪಕ್ಷ ಕೇಳಿತ್ತು. ಕೊಂಡ ಬೀಜವನ್ನೆಲ್ಲ ರೈತ ಬಿತ್ತುತ್ತಾನೆ, ಮುಂದೊಂದು ದಿನ ಬೇಕಾಗಬಹುದೆಂದು ತೆಗೆದಿಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲ ಎಂದು ನ್ಯಾಯಾಲಯ ಹೇಳಿತು.

ಮೊಳಕೆ ಬಾರದಿದ್ದರೆ, ಕಾಯಿ ಕಟ್ಟದಿದ್ದರೆ ಗಿಡ ಕೀಳುವ ಮುಂಚೆ ಕೃಷಿ ಇಲಾಖೆಗೆ ಬರೆದು ಕೊಡಿ, ಬರೆದದ್ದಕ್ಕೆ ಸಹಿ ಹಾಕಿಸಿಕೊಂಡ ನಕಲು ಇಟ್ಟುಕೊಳ್ಳಿ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ತಾಲ್ಲೂಕಿನಲ್ಲೇ ಇದೆ, ವಿಜ್ಞಾನಿಗಳು ಹೊಲ ನೋಡಿ ವರದಿ ಕೊಡಲಿ ಎಂದು ಕೇಳಿ. ಒಬ್ಬರೇ ಹೋಗಬೇಡಿ, ಅದೇ ಬೀಜ ಬಿತ್ತಿದ ಹತ್ತು ಮಂದಿ ಸೇರಿ ಹೋಗಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಅವಕಾಶವಿದೆ. ಬಿತ್ತುವ ದಿನ ಮಾತ್ರ ಒಂದು ಕೆಲಸ ಮರೆಯಬೇಡಿ: ಲಾಟ್ ನಂಬರ್ ಇರುವ ಚೀಟಿಯನ್ನು ಬೀಜದ ಚೀಲದಿಂದ ಬಿಚ್ಚಿ, ಅಂಗಡಿಯ ರಸೀದಿಯ ಜೊತೆ ಪಿನ್ ಹೊಡೆದು, ಖಾಲಿ ಚೀಲದ ಸಮೇತ ಟ್ರಂಕಿನಲ್ಲಿ ಇಡಿ. ರಾಶಿ ಮನೆಗೆ ಬಂದು ಹಣ ಕೈಗೆ ಸೇರುವವರೆಗೂ ಅದು ಅಲ್ಲೇ ಇರಲಿ.

ಇಂತಿ ನಿಮ್ಮವ,
ರಾಣೆಬೆನ್ನೂರು